ಹದಿನೇಳು ಗಂಟೆಯ ದೂರ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ಎಷ್ಟು ದೂರ ಎಂದು ಕೇಳಿದರೆ ಈಗ ನಮ್ಮ ಕಡೆಯ ಹಿರಿಯರೂ ಸಹ ಕಿಲೋಮೀಟರುಗಳಲ್ಲಿ ಉತ್ತರಿಸುವುದಿಲ್ಲ. "ಹದಿನೇಳು ಗಂಟೆ" ಎನ್ನುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯು ಈ ಎರಡು ನಗರಗಳ ನಡುವೆ ಮೊದಲ ನೇರ ವಿಮಾನವನ್ನು ಹಾರಿಸಿದಂದಿನಿಂದ ಈ ಸಂಖ್ಯೆ ಮದುವೆಯ ಪಂಕ್ತಿಗಳಲ್ಲಿ, ಬ್ಯಾಂಕಿನ ಸರದಿಯಲ್ಲಿ, ದೇವಸ್ಥಾನದ ಜಗುಲಿಯ ಮೇಲೆ ಓಡಾಡುತ್ತಿದೆ. ಸಂಖ್ಯೆಯೇನೋ ಸುಳ್ಳಲ್ಲ. ಆದರೆ ಅದನ್ನು ಆಧರಿಸಿ ನಾವು ಬೆಳೆಸಿಕೊಂಡಿರುವ ಒಂದು ನಂಬಿಕೆ ಮಾತ್ರ ಸರಿಯಾದುದಲ್ಲ. ಅದರಿಂದ ಅನೇಕ ಮನೆಗಳಲ್ಲಿ ಅನಗತ್ಯವಾದ ನೋವು ಉಂಟಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಆ ಕಡೆ ಇರುವ ನನ್ನ ಹಳೆಯ ವಿದ್ಯಾರ್ಥಿಗಳೂ ಈ ಕಡೆ ಇರುವ ಅವರ ತಂದೆತಾಯಿಯರೂ ಇದನ್ನು ಓದುತ್ತಾರಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ದೂರದ ಮಾತು. ಗೋಡೆಗೆ ತೂಗುಹಾಕಿದ ಪ್ರಪಂಚದ ನಕ್ಷೆಯಲ್ಲಿ ನೋಡಿದರೆ ಬೆಂಗಳೂರಿನಿಂದ ಪೂರ್ವಕ್ಕೆ ಹೊರಟು, ಚೀನಾ, ಜಪಾನ್ ದೇಶಗಳನ್ನು ದಾಟಿ, ಪೆಸಿಫಿಕ್ ಸಾಗರದ ಉದ್ದಕ್ಕೂ ಸಾಗಿ ಅಮೆರಿಕದ ಪಶ್ಚಿಮ ತೀರವನ್ನು ಮುಟ್ಟಬೇಕೆಂದು ತೋರುತ್ತದೆ. ಆದರೆ ಭೂಮಿ ಗೋಡೆಯಂತೆ ಚಪ್ಪಟೆಯಲ್ಲ. ಶಾಲೆಯ ಗ್ಲೋಬನ್ನು ಎದುರಿಗಿಟ್ಟುಕೊಂಡು, ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೂ ಇಟ್ಟು ಬಿಗಿಯಾಗಿ ಎಳೆದು ನೋಡಿ. ದಾರವು ಪೂರ್ವಕ್ಕೆ ಹೋಗದೆ ಬಹುತೇಕ ಉತ್ತರಕ್ಕೇ ಹೊರಡುತ್ತದೆ! ನೇಪಾಳ, ಟಿಬೆಟ್, ಪಶ್ಚಿಮ ಮಂಗೋಲಿಯ, ಸೈಬೀರಿಯಗಳನ್ನು ಹಾದು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಆರ್ಕ್ಟಿಕ್ ಸಾಗರದ ಅಂಚನ್ನು ಸವರಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ಇದನ್ನೇ ಮಹಾವೃತ್ತದ ಮಾರ್ಗ ಎನ್ನುವುದು. ಗೋಳದ ಮೇಲಿನ ಎರಡು ಬಿಂದುಗಳ ನಡುವೆ ಇದಕ್ಕಿಂತ ಚಿಕ್ಕ ದಾರಿಯಿಲ್ಲ.

ಎರಡೂ ಊರುಗಳ ಅಕ್ಷಾಂಶ, ರೇಖಾಂಶಗಳು ಗೊತ್ತಿದ್ದರೆ ಪ್ರೌಢಶಾಲೆಯನ್ನು ದಾಟಿದ ಯಾರು ಬೇಕಾದರೂ ತ್ರಿಕೋನಮಿತಿಯಿಂದ ಈ ದೂರವನ್ನು ಲೆಕ್ಕ ಹಾಕಬಹುದು. ಭೂಮಿಯ ಕೇಂದ್ರದಲ್ಲಿ ಈ ಎರಡು ನಗರಗಳ ನಡುವೆ ಏರ್ಪಡುವ ಕೋನ ಸುಮಾರು 126 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರಿನಂತೆ ಗುಣಿಸಿದರೆ ಹತ್ತಿರಹತ್ತಿರ 14,000 ಕಿಲೋಮೀಟರು ಬರುತ್ತದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು. ಈ ಸಂಖ್ಯೆ ಹೀಗೆ ದುಂಡಾಗಿರುವುದು ಆಕಸ್ಮಿಕವಲ್ಲ. 1790ರ ದಶಕದಲ್ಲಿ ಫ್ರೆಂಚರು ಮೀಟರನ್ನು ನಿಗದಿಪಡಿಸುವಾಗ ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರದ ಒಂದು ಕೋಟಿಯ ಒಂದು ಭಾಗ ಎಂದೇ ನಿರ್ಧರಿಸಿದ್ದರು. ಹಾಗಾಗಿ ಭೂಮಿಯ ಮೇಲೆ ಒಂದು ಊರಿನಿಂದ ಇನ್ನೊಂದು ಊರು ಅತಿ ಹೆಚ್ಚೆಂದರೆ 20,000 ಕಿಲೋಮೀಟರು ದೂರವಿರಬಹುದು. ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ದೂರದಲ್ಲಿ ನಮ್ಮ ಮಕ್ಕಳು ಮನೆ ಮಾಡಿದ್ದಾರೆ. ಮುಂದಿನ ಮಾತುಗಳನ್ನು ಓದುವಾಗ ಈ ಅಂಶ ನೆನಪಿನಲ್ಲಿರಲಿ.

ಇನ್ನು ಕಾಲದ ಮಾತು. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಆ ಮೊದಲ ವಿಮಾನ ಉತ್ತರ ಧ್ರುವದ ಮಾರ್ಗವಾಗಿ ಹಾರಿ 11ರ ಸೋಮವಾರ ನಸುಕಿನಲ್ಲಿ ಬೆಂಗಳೂರಿಗೆ ಬಂದಿಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ವಿಮಾನವನ್ನು ನಡೆಸಿದ ಚಾಲಕಿಯರೆಲ್ಲರೂ ಮಹಿಳೆಯರೇ ಆಗಿದ್ದರೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ಹಾರಾಟಕ್ಕೆ ಹಿಡಿದದ್ದು ಸುಮಾರು ಹದಿನೇಳು ಗಂಟೆ. ಆದರೆ ಪ್ರಯಾಣಿಕರ ಪಾಲಿಗೆ ಇಡೀ ಒಂದು ಭಾನುವಾರವೇ ಮಾಯವಾಯಿತು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯ ನಮಗಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅವರು ಗಡಿಯಾರವನ್ನು ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ ಹನ್ನೆರಡೂವರೆ ಗಂಟೆ.

ಈ ಹದಿನೇಳು ಗಂಟೆ ಮುಂದೆ ಹತ್ತಾಗಬಹುದು, ಎಂಟಾಗಬಹುದು ಎಂದು ಆಶಿಸುವವರಿದ್ದಾರೆ. ಇತಿಹಾಸ ನೋಡಿದರೆ ಆ ಭರವಸೆ ಬರುವುದಿಲ್ಲ. ಬೋಯಿಂಗ್ 707 ವಿಮಾನ ಸೇವೆಗೆ ಬಂದದ್ದು 1958ರಲ್ಲಿ. ಅಂದೂ ಅದು ಗಂಟೆಗೆ ಸರಿಸುಮಾರು 900 ಕಿಲೋಮೀಟರು ವೇಗದಲ್ಲಿ ಹಾರುತ್ತಿತ್ತು. ಇಂದಿನ ವಿಮಾನಗಳ ವೇಗವೂ ಅಷ್ಟೇ. ಶಬ್ದದ ವೇಗವನ್ನು ಮೀರಿದ ಕಾಂಕಾರ್ಡ್ 1976ರಲ್ಲಿ ಬಂದು 2003ರಲ್ಲಿ ನಿಂತುಹೋಯಿತು. ಈ ಅರುವತ್ತು ವರ್ಷಗಳಲ್ಲಿ ವಿಮಾನಗಳು ಹೆಚ್ಚು ದೂರ ಹಾರಲು ಕಲಿತವು, ಕಡಿಮೆ ಇಂಧನದಲ್ಲಿ ಹಾರಲು ಕಲಿತವು. ಹೆಚ್ಚು ವೇಗವಾಗಿ ಹಾರಲು ಮಾತ್ರ ಕಲಿಯಲಿಲ್ಲ. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ. ಏರುವುದಕ್ಕೆ, ಇಳಿಯುವುದಕ್ಕೆ, ಗಾಳಿಗೆ, ಬಳಸು ದಾರಿಗೆ ಇನ್ನೊಂದೂವರೆ ಗಂಟೆ ಸೇರಿಸಿ. ಹದಿನೇಳು ಗಂಟೆ ಎಂಬುದು ಹೀಗೆ ಬಂದ ಸಂಖ್ಯೆ.

ಬಳಸು ದಾರಿ ಎಂದೆ. ನೂಲು ಹಿಡಿದಂತಹ ನೇರ ದಾರಿ ವಿಮಾನಕ್ಕೆ ಸಿಗುವುದು ಅಪರೂಪ. ಟಿಬೆಟ್ಟಿನ ಪ್ರಸ್ಥಭೂಮಿ ಬಹಳ ಎತ್ತರದ ನೆಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ತಕ್ಷಣ ಕೆಳಗಿಳಿದು ಉಸಿರಾಡುವಂತಹ ಎತ್ತರಕ್ಕೆ ಬರಲು ಅಲ್ಲಿ ಅವಕಾಶವಿಲ್ಲವೆಂದು ವಿಮಾನಗಳು ಸಾಮಾನ್ಯವಾಗಿ ಅದನ್ನು ತಪ್ಪಿಸುತ್ತವೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ರಷ್ಯದ ಆಕಾಶ ಅಮೆರಿಕ ಮತ್ತು ಯುರೋಪಿನ ವಿಮಾನಗಳಿಗೆ ಮುಚ್ಚಿತು. ಏರ್ ಇಂಡಿಯಾಕ್ಕೆ ಆ ದಾರಿ ತೆರೆದಿತ್ತು. ಆದರೂ 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಅದರ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದ ರಷ್ಯದ ಮಗದಾನ್ ಎಂಬ ಊರಿನಲ್ಲಿ ಇಳಿಯಬೇಕಾಯಿತು. 216 ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಅಲ್ಲಿಯೇ ತಂಗಿದ್ದರು. ನೇರ ವಿಮಾನಗಳು ನಿಲ್ಲುವುದೂ ಮತ್ತೆ ಆರಂಭವಾಗುವುದೂ ಉಂಟು. ವಾರದ ಎಲ್ಲ ದಿನವೂ ಅವು ಇರುತ್ತವೆಂದೂ ಹೇಳುವಂತಿಲ್ಲ. ಆದ್ದರಿಂದ ಹೆಚ್ಚಿನವರು ಬರುವುದು ದುಬೈ ಅಥವಾ ಫ್ರಾಂಕ್‌ಫರ್ಟ್‌ನಂತಹ ಕಡೆ ವಿಮಾನ ಬದಲಿಸಿಯೇ. ದುಬೈ ಮಾರ್ಗವಾದರೆ ಸುಮಾರು 15,700, ಫ್ರಾಂಕ್‌ಫರ್ಟ್ ಮಾರ್ಗವಾದರೆ ಸುಮಾರು 16,500 ಕಿಲೋಮೀಟರು. ನಡುವೆ ಕಾಯುವ ಹೊತ್ತೂ ಸೇರಿದರೆ ಇಪ್ಪತ್ತೆರಡು, ಇಪ್ಪತ್ನಾಲ್ಕು ಗಂಟೆ ಸಾಮಾನ್ಯ.

ಇಷ್ಟೂ ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಹೇಳಿದ ಲೆಕ್ಕ. ನಮ್ಮ ಮಕ್ಕಳು ಹುಟ್ಟಿದ ಮನೆಯೇನೂ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿಲ್ಲ. ಮಲೆನಾಡಿನ ಒಂದು ಹಳ್ಳಿಯನ್ನು ಇಟ್ಟುಕೊಳ್ಳೋಣ; ಬೆಂಗಳೂರಿನಿಂದ ಏಳು ಗಂಟೆಯ ದಾರಿ. ಚಳಿಗಾಲದ ಒಂದು ಸೋಮವಾರ ಬೆಳಿಗ್ಗೆ ಆರಕ್ಕೆ ಆ ಮನೆಯ ಹಿರಿಯರೊಬ್ಬರು ತೀರಿಕೊಂಡರು ಎನ್ನಿ. ಕ್ಯಾಲಿಫೋರ್ನಿಯದಲ್ಲಿ ಆಗ ಭಾನುವಾರ ಸಂಜೆ ನಾಲ್ಕೂವರೆ. ಮಗನಿಗೆ ಆ ಕ್ಷಣವೇ ದೂರವಾಣಿ ಬಂತು. ಅಂದೇ ರಾತ್ರಿ ಎಂಟೂವರೆಗೆ ನೇರ ವಿಮಾನವಿತ್ತು. ಅದರಲ್ಲಿ ಒಂದು ಆಸನ ಖಾಲಿಯಿತ್ತು. ದಾರಿಯಲ್ಲಿ ವಾಹನ ದಟ್ಟಣೆ ಇರಲಿಲ್ಲ. ಇಷ್ಟು ಅದೃಷ್ಟಗಳು ಒಟ್ಟಿಗೆ ಕೂಡಿಬಂದರೂ ಅವನು ಬೆಂಗಳೂರಿನಲ್ಲಿ ಇಳಿಯುವುದು ಮಂಗಳವಾರ ನಸುಕಿನ ಮೂರಕ್ಕೆ. ವಲಸೆ ತಪಾಸಣೆ ಮುಗಿಸಿ, ಕಾರು ಹಿಡಿದು ಅಂಗಳಕ್ಕೆ ಕಾಲಿಡುವಾಗ ಮಧ್ಯಾಹ್ನ ಹನ್ನೊಂದೂವರೆ. ಅಂದರೆ ಸುಮಾರು ಮೂವತ್ತು ಗಂಟೆ. ಆ ವಿಮಾನ ತಪ್ಪಿ ಮರುದಿನದ್ದು ಸಿಕ್ಕಿದರೆ ಐವತ್ತಕ್ಕೂ ಮೀರಿದ ಗಂಟೆಗಳು. ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಹೊರಟರೆ ಹಿಂದಿರುಗಲು ಬಿಡುತ್ತಾರೋ ಇಲ್ಲವೋ ಎಂಬ ಸ್ಥಿತಿಯಿದ್ದರೆ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ, ಗಂಟೆಗಳ ಲೆಕ್ಕಕ್ಕೇ ಅರ್ಥವಿಲ್ಲ.

ಕೆಲವು ಕಾಲದ ಹಿಂದೆ ಒಂದು ಸಾವಿನ ಮನೆಗೆ ಹೋಗಿದ್ದೆ. ತೀರಿಹೋದವರ ಮಗಳು ಎರಡು ಕಡೆ ವಿಮಾನ ಬದಲಿಸಿ ಬಂದಿದ್ದಳು. ಅವಳು ಬರುವಷ್ಟರಲ್ಲಿ ದಹನ ಮುಗಿದಿತ್ತು. ಒಳಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತವಳ ಕಾಲುಗಳು ಪ್ರಯಾಣದಿಂದ ಊದಿಕೊಂಡಿದ್ದವು. ಹೊರಗೆ ಚಾವಡಿಯಲ್ಲಿ ಬಂಧುಗಳೊಬ್ಬರು, ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ, "ಈಗೇನು ಹದಿನೇಳು ಗಂಟೆ ತಾನೆ, ಮನಸ್ಸಿದ್ದರೆ ಬರಬಹುದಿತ್ತು" ಎಂದರು. ನಾಲ್ಕಾರು ಮಂದಿ ತಲೆಯಾಡಿಸಿದರು. ಹೀಗೆ ಹೇಳಿದವರು ಕೆಟ್ಟವರಲ್ಲ; ಆ ಮೂರು ದಿನ ಮನೆಯ ಕೆಲಸಗಳಿಗೆಲ್ಲ ಹೆಗಲು ಕೊಟ್ಟವರು ಅವರೇ. ಆದರೆ ವಿಮಾನದ ವೇಳಾಪಟ್ಟಿಯ ಒಂದು ಸಂಖ್ಯೆಯನ್ನು ಹಿಡಿದು ಒಬ್ಬ ಮಗಳ ಪ್ರೀತಿಯನ್ನು ಅಳೆದುಬಿಟ್ಟರು. ಈ ಅಳತೆಯನ್ನೇ ನಾನು ಒಪ್ಪುವುದಿಲ್ಲ.

ಹಿಂದೆ ಹೀಗಿರಲಿಲ್ಲ. ಸ್ವಾಮಿ ವಿವೇಕಾನಂದರು 1893ರ ಮೇ 31ರಂದು ಮುಂಬಯಿಯಿಂದ ಹಡಗು ಹತ್ತಿ, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳ ಮೂಲಕ ವ್ಯಾಂಕೂವರ್ ಸೇರಿ, ಅಲ್ಲಿಂದ ರೈಲಿನಲ್ಲಿ ಚಿಕಾಗೊ ತಲುಪುವಷ್ಟರಲ್ಲಿ ಜುಲೈ ತಿಂಗಳು ಮುಗಿಯುತ್ತಿತ್ತು. ಎರಡು ತಿಂಗಳು! 1888ರಲ್ಲಿ ಗಾಂಧೀಜಿಯವರು ಇಂಗ್ಲೆಂಡಿಗೆ ಓದಲು ಹೋದರು. ಅವರು ಅಲ್ಲಿರುವಾಗಲೇ ತಾಯಿ ಪುತಲೀಬಾಯಿ ತೀರಿಕೊಂಡರು. ಪರದೇಶದಲ್ಲಿ ತಮ್ಮನಿಗೆ ಆಘಾತವಾಗಬಾರದೆಂದು ಅಣ್ಣ ಆ ಸುದ್ದಿಯನ್ನು ತಿಳಿಸಲೇ ಇಲ್ಲ. 1891ರಲ್ಲಿ ಬ್ಯಾರಿಸ್ಟರಾಗಿ ಮರಳಿ ಬಂದಾಗಲೇ ಅವರಿಗೆ ತಿಳಿದದ್ದು. ಅವರ ತಂದೆಯ ವಿಷಯ ಇನ್ನೂ ವಿಚಿತ್ರ. ಹದಿನಾರರ ಹುಡುಗ ಮೋಹನದಾಸ ದಿನವೂ ತಂದೆಯ ಸೇವೆ ಮಾಡುತ್ತಿದ್ದವನು. ಅಂದು ರಾತ್ರಿ ಚಿಕ್ಕಪ್ಪ ಬಂದು ಬಿಡುವು ಕೊಟ್ಟರೆಂದು ಪಕ್ಕದ ಕೋಣೆಗೆ ಹೋದ ಕೆಲವೇ ನಿಮಿಷಗಳಲ್ಲಿ ತಂದೆಯ ಪ್ರಾಣ ಹೋಯಿತು. ಅದರ ನೋವನ್ನು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಕೊನೆಯ ಗಳಿಗೆಯಲ್ಲಿ ಬಳಿಯಿರುವುದು ಒಂದೇ ಮನೆಯಲ್ಲಿದ್ದವರಿಗೂ ಖಚಿತವಲ್ಲ. ಹೀಗಿರುವಾಗ ಸಾಗರದಾಚೆ ಇರುವವರನ್ನು ದೂರುವುದು ಎಷ್ಟು ಸರಿ?

ನಮ್ಮ ಧರ್ಮಶಾಸ್ತ್ರಕಾರರೂ ಇದನ್ನು ಅರಿತಿದ್ದರು. ದೇಶಾಂತರದಲ್ಲಿರುವವನು ಸಪಿಂಡರ ಮರಣವಾರ್ತೆಯನ್ನು ಹತ್ತು ದಿನಗಳೊಳಗೆ ಕೇಳಿದರೆ ಉಳಿದ ದಿನಗಳಷ್ಟು ಮಾತ್ರ ಅಶೌಚ. ಹತ್ತು ದಿನ ಕಳೆದ ಮೇಲೆ ಕೇಳಿದರೆ ಮೂರು ರಾತ್ರಿ. ಒಂದು ವರ್ಷ ಕಳೆದು ಕೇಳಿದರೆ ಸ್ನಾನಮಾತ್ರದಿಂದ ಶುದ್ಧಿ ಎಂದು ಮನುಸ್ಮೃತಿಯಲ್ಲಿದೆ. ಆ ಗ್ರಂಥದ ಇತರ ಎಷ್ಟೋ ಮಾತುಗಳನ್ನು ನಾನು ಒಪ್ಪುವವನಲ್ಲ. ಆದರೆ ಈ ನಿಯಮದ ಹಿಂದಿರುವ ತಿಳಿವಳಿಕೆಯನ್ನು ಗಮನಿಸಿ. ಬರಲಾಗದವರು ಇರುತ್ತಾರೆ, ಸುದ್ದಿ ತಡವಾಗಿ ಮುಟ್ಟುವವರಿರುತ್ತಾರೆ ಎಂಬುದನ್ನು ಅದು ಸಹಜವೆಂದೇ ಭಾವಿಸಿದೆ. ಬಾರದವನು ಪಾಪಿ ಎಂದು ಅಲ್ಲಿ ಹೇಳಿಲ್ಲ. ಎತ್ತಿನ ಗಾಡಿಯ ಕಾಲದವರಿಗೆ ಇದ್ದ ಈ ಔದಾರ್ಯ ಜೆಟ್ ವಿಮಾನದ ಕಾಲದ ನಮಗೆ ಏಕೆ ಇಲ್ಲ? ವಿಮಾನ ಬಂದು ದೂರ ಕಡಿಮೆಯಾಯಿತೆಂದು ನಾವು ನಂಬಿದ್ದರಿಂದಲೇ ಇಲ್ಲ. ಹಡಗಿನ ಕಾಲದಲ್ಲಿ ಬಾರದವರನ್ನು ಯಾರೂ ದೂರುತ್ತಿರಲಿಲ್ಲ, ಈಗ ದೂರುತ್ತೇವೆ.

ಇನ್ನೊಂದು ಹೊಸ ಪದ್ಧತಿ ಬೆಳೆಯುತ್ತಿದೆ. ತಾಲ್ಲೂಕು ಕೇಂದ್ರಗಳಲ್ಲೂ ಈಗ ಶವವನ್ನಿಡುವ ಶೀತಲ ಪೆಟ್ಟಿಗೆ ಬಾಡಿಗೆಗೆ ದೊರೆಯುತ್ತದೆ. ಹೊರದೇಶದಿಂದ ಮಕ್ಕಳು ಬರಬೇಕೆಂದು ಎರಡು ದಿನ, ಕೆಲವೊಮ್ಮೆ ಮೂರು ದಿನ ಶವವನ್ನು ಅದರಲ್ಲಿಟ್ಟು ಕಾಯುತ್ತಾರೆ. ಅಷ್ಟು ಹೊತ್ತೂ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಎಂಬತ್ತು ವರ್ಷದ ಹೆಂಡತಿ ನಿದ್ದೆಯಿಲ್ಲದೆ, ಊಟವಿಲ್ಲದೆ ಆ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತಿರುತ್ತಾಳೆ. ವಿದ್ಯುತ್ತು ಹೋದರೆ ಎಲ್ಲರಿಗೂ ಗಾಬರಿ. ಇತ್ತ ಬರುವವನು ಪ್ರತಿಯೊಂದು ವಿಮಾನ ನಿಲ್ದಾಣದಿಂದಲೂ "ಇನ್ನೆಷ್ಟು ಹೊತ್ತು ಕಾಯಬಹುದು?" ಎಂದು ಕೇಳುತ್ತಿರುತ್ತಾನೆ. ಇದು ಸತ್ತವರಿಗೆ ಗೌರವವೂ ಅಲ್ಲ, ಇದ್ದವರಿಗೆ ಸಮಾಧಾನವೂ ಅಲ್ಲ.

ಕೊನೆಯದಾಗಿ ಮುಖ ನೋಡಬೇಕೆಂಬ ಹಂಬಲವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಮುಖ ನೋಡದೆ ಮನಸ್ಸಿಗೆ ಸಾವು ನಿಜವೆನಿಸುವುದೇ ಇಲ್ಲ ಎಂದು ಹೇಳಿದವರನ್ನು ಬಲ್ಲೆ. ಅಂಥವರಿಗಾಗಿ ಮನೆಯವರೆಲ್ಲ ಒಪ್ಪಿ ಒಂದು ದಿನ ಕಾದರೆ ಅದು ಅವರ ಇಚ್ಛೆ. ಹೊರಗಿನವರಾದ ನಾವು ಅದಕ್ಕೂ ಮಾತನಾಡಬಾರದು. ನಾನು ಹೇಳುವುದು ಇಷ್ಟೇ: ಕಾಯುವುದು ಕರ್ತವ್ಯವೆಂದೂ ಕಾಯದವರು ಅವಸರ ಮಾಡಿದರೆಂದೂ ಊರು ತೀರ್ಪು ಕೊಡುವಂತಾಗಬಾರದು. ಇದಕ್ಕೆ ಉಪಾಯವೂ ಉಂಟು. ವಯಸ್ಸಾದ ನಾವೇ ನಮ್ಮ ಮನಸ್ಸನ್ನು ಮೊದಲೇ, ಸ್ಪಷ್ಟವಾಗಿ ಹೇಳಿಡಬೇಕು. ಕಾಯಬೇಡಿ, ಹತ್ತಿರವಿರುವವರು ಮುಗಿಸಿರಿ, ಬಂದವರು ಬಂದಾಗ ಬರಲಿ ಎಂದು ನಾನಂತೂ ಬರೆದಿಟ್ಟಿದ್ದೇನೆ. ಬೆಂಕಿ ಕೊಡುವವನು ಮಗನೇ ಆಗಬೇಕೆಂಬ ಹಟವೂ ನನಗಿಲ್ಲ. ಮಗಳಾದರೂ ಸರಿ, ತಮ್ಮನ ಮಗನಾದರೂ ಸರಿ. ಹೀಗೆ ಬರೆದಿಟ್ಟರೆ ಮಕ್ಕಳ ತಲೆಯ ಮೇಲಿನ ದೊಡ್ಡ ಭಾರ ಇಳಿಯುತ್ತದೆ.

ತಂದೆತಾಯಿಯರಿಗೆ ಇನ್ನೊಂದು ಮಾತು. ಕಾಯಿಲೆಯನ್ನು ಮಕ್ಕಳಿಂದ ಮುಚ್ಚಿಡಬೇಡಿ. "ಅವರಿಗೆ ಅಲ್ಲಿ ಕೆಲಸದ ಒತ್ತಡ, ಸುಮ್ಮನೆ ಗಾಬರಿಯಾಗುತ್ತಾರೆ, ಹೇಳಬೇಡಿ" ಎಂಬ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಎದೆನೋವು ಬಂದದ್ದು ಶುಕ್ರವಾರ, ಆಸ್ಪತ್ರೆಗೆ ಸೇರಿದ್ದು ಶನಿವಾರ, ತುರ್ತು ಘಟಕಕ್ಕೆ ಒಯ್ದದ್ದು ಭಾನುವಾರ. ಮಗನಿಗೆ ತಿಳಿಸಿದ್ದು ಸೋಮವಾರ! ಶುಕ್ರವಾರವೇ ತಿಳಿಸಿದ್ದರೆ ಅವನು ಭಾನುವಾರ ರಾತ್ರಿಯ ಒಳಗೆ ಬಂದು ತಂದೆಯ ಕೈ ಹಿಡಿದು ಮಾತನಾಡುತ್ತಿದ್ದ. ಅವನನ್ನು ತಡೆದದ್ದು ಆ 14,000 ಕಿಲೋಮೀಟರುಗಳಲ್ಲ, ಮುಚ್ಚಿಟ್ಟ ಆ ಮೂರು ದಿನಗಳು. ಗಾಂಧೀಜಿಯವರ ಅಣ್ಣ ಸುದ್ದಿಯನ್ನು ಮುಚ್ಚಿಟ್ಟದ್ದಕ್ಕೆ ಅರ್ಥವಿತ್ತು. ತಿಳಿಸಿದ್ದರೂ ಹಡಗಿನಲ್ಲಿ ಬಂದು ಮುಟ್ಟುವಂತಿರಲಿಲ್ಲ. ನಮಗೆ ಆ ನೆಪವಿಲ್ಲ.

ಹೊರದೇಶದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳುವುದೂ ಇದೆ. ಹದಿನೇಳು ಗಂಟೆ ಎಂಬ ಸಂಖ್ಯೆಯನ್ನು ನೀವೂ ನಂಬಬೇಡಿ. "ಏನಾದರೂ ಆದರೆ ಮುಂದಿನ ವಿಮಾನ ಹತ್ತಿ ಬಂದುಬಿಡುತ್ತೇನೆ" ಎಂಬ ಧೈರ್ಯದಲ್ಲಿ ಎರಡು ಮೂರು ವರ್ಷ ಬರುವುದನ್ನೇ ಮುಂದೂಡುವವರಿದ್ದೀರಿ. 2020ರ ಮಾರ್ಚ್ 23ರಿಂದ ನಮ್ಮ ದೇಶ ನಿಯತ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ಅವು ಪೂರ್ಣವಾಗಿ ಮತ್ತೆ ಆರಂಭವಾದದ್ದು 2022ರ ಮಾರ್ಚ್ 27ರಂದು. ಆ ಎರಡು ವರ್ಷಗಳಲ್ಲಿ ಇದ್ದ ಕೆಲವೇ ವಿಶೇಷ ವಿಮಾನಗಳಲ್ಲಿ ಸ್ಥಳ ಸಿಗದೆ ಎಷ್ಟು ಮಂದಿ ತಂದೆತಾಯಿಯರ ಅಂತ್ಯಸಂಸ್ಕಾರವನ್ನು ಮೊಬೈಲಿನ ಪರದೆಯ ಮೇಲೆ ನೋಡಿದರೆಂಬುದು ನಿಮಗೇ ಗೊತ್ತು. ಆದ್ದರಿಂದ ಎಲ್ಲರೂ ಆರೋಗ್ಯವಾಗಿರುವಾಗ ಬನ್ನಿ. ಮದುವೆ, ಗೃಹಪ್ರವೇಶಗಳಿಗೆ ಬಂದು ಐದು ದಿನದಲ್ಲಿ ಹತ್ತು ಊರು ಸುತ್ತಿ ಹೋಗುವುದಲ್ಲ. ಯಾವ ಕಾರ್ಯಕ್ರಮವೂ ಇಲ್ಲದ ಹೊತ್ತಿನಲ್ಲಿ ಬಂದು ಮನೆಯಲ್ಲಿರಿ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ. ಒಂದು ವಾರಕ್ಕೆ ಬಂದವರು ಹಗಲೆಲ್ಲ ತೂಕಡಿಸಿ, ಸರಿಹೋಗುವ ಮೊದಲೇ ಹೊರಡುತ್ತಾರೆ. ಮೂರು ವಾರ ಸಿಕ್ಕರೆ ಮಾತ್ರ ಅಪ್ಪ ಈಗ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ, ಅಮ್ಮ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಾರೆ ಎಂಬುದು ಕಣ್ಣಿಗೆ ಬೀಳುತ್ತದೆ. ವಿಡಿಯೋ ಕರೆಯಲ್ಲಿ ಅದು ಕಾಣುವುದಿಲ್ಲ; ಕರೆಯ ಹೊತ್ತಿಗೆ ಅವರು ತಲೆ ಬಾಚಿಕೊಂಡು, ಒಳ್ಳೆಯ ಅಂಗಿ ತೊಟ್ಟು ಕುಳಿತಿರುತ್ತಾರೆ.

ಕರೆಯ ವಿಷಯ ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ನಮ್ಮ ರಾತ್ರಿಯ ಒಂಬತ್ತು ಗಂಟೆ ಕ್ಯಾಲಿಫೋರ್ನಿಯದ ಚಳಿಗಾಲದಲ್ಲಿ ಬೆಳಗಿನ ಏಳೂವರೆ. ನಿಮಗೆ ಕೆಲಸಕ್ಕೆ ಹೊರಡುವ ಗಡಿಬಿಡಿ, ಇಲ್ಲಿ ಮಲಗುವ ಹೊತ್ತು. ಎರಡೂ ಕಡೆಯವರಿಗೆ ಬಿಡುವಿರುವ ವೇಳೆ ದಿನದಲ್ಲಿ ಬಹಳ ಕಡಿಮೆ. ಅದರಲ್ಲಿ ಹತ್ತು ನಿಮಿಷವನ್ನಾದರೂ, ಒಂದು ಕಣ್ಣು ಗಡಿಯಾರದ ಮೇಲಿಡದೆ ಮಾತನಾಡಿರಿ. ಪಾಸ್‌ಪೋರ್ಟಿನ ಅವಧಿ ಮುಗಿಯದಂತೆ ನೋಡಿಕೊಳ್ಳಿರಿ. ಊರಿನಲ್ಲಿ ನಂಬಿಕೆಯ ಒಬ್ಬರ ಬಳಿ ವೈದ್ಯರ ಹೆಸರು, ಔಷಧಿಗಳ ಪಟ್ಟಿ, ತುರ್ತಿಗೆ ಬೇಕಾದ ಹಣ ಇರಲಿ. ಆಸ್ಪತ್ರೆಗೆ ಓಡುವ ನೆರೆಯ ಹುಡುಗ ನಿಮಗಿಂತ ಮೂವತ್ತು ಗಂಟೆ ಮುಂದಿರುತ್ತಾನೆ. ಅವನ ಹೆಸರು ನಿಮಗೆ ಗೊತ್ತಿರಬೇಕು, ಬಂದಾಗ ಅವನ ಮನೆಗೂ ಹೋಗಿ ಬರಬೇಕು.

ಇಷ್ಟೆಲ್ಲ ಮಾಡಿಯೂ ಕೊನೆಯ ಹೊತ್ತಿಗೆ ಬರಲಾಗದಿದ್ದರೆ, ಅದು ನಿಮ್ಮ ಅಪರಾಧವಲ್ಲ. ಭೂಮಿ ಅಷ್ಟು ದೊಡ್ಡದು, ವಿಮಾನದ ವೇಗ ಅಷ್ಟೇ. ಊರಿನಲ್ಲಿರುವ ಬಂಧುಗಳಲ್ಲಿ ನನ್ನ ವಿನಂತಿ ಒಂದೇ: ಪ್ರಯಾಣದಿಂದ ಬಳಲಿ, ಅತ್ತು ಕಣ್ಣು ಕೆಂಪಾಗಿ ಅಂಗಳಕ್ಕೆ ಬಂದು ನಿಂತವರನ್ನು ಎಷ್ಟು ಹೊತ್ತಾಯಿತೆಂದು ಕೇಳಬೇಡಿ. ಕೈಕಾಲಿಗೆ ನೀರು ಕೊಡಿ, ಒಳಗೆ ಕರೆಯಿರಿ, ತೀರಿಕೊಂಡವರು ಕೊನೆಯ ದಿನಗಳಲ್ಲಿ ಏನೇನು ಮಾತನಾಡಿದರೆಂಬುದನ್ನು ಅವರಿಗೆ ಹೇಳಿರಿ. ಅವರು ಅಷ್ಟು ದೂರದಿಂದ ಬಂದಿರುವುದು ಅದನ್ನು ಕೇಳುವುದಕ್ಕೇ.